ಬಾಯಾರಿಕೆಗೆ ಮನೆಯ ಪಾನೀಯವೇ ಮದ್ದು

ನೀರಡಿಕೆಯೆಂಬುದು ಶರೀರವು ನಮಗೆ ನೀಡುವ ಸೂಚನೆ. ಬೆವರು, ಮೂತ್ರ ಮತ್ತು ಉಸಿರಿನ ಮೂಲಕ ಹೊರಹೋದ ನೀರನ್ನು ಮರಳಿ ತುಂಬಬೇಕೆಂಬುದೇ ಆ ಸೂಚನೆಯ ಅರ್ಥ. ಮಾರ್ಚ್ ತಿಂಗಳಿನಿಂದ ಮೊದಲ ಮಳೆ ಬೀಳುವವರೆಗೆ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ಸೂಚನೆ ಪದೇ ಪದೇ ಬರುತ್ತದೆ. ಹೊಲದಲ್ಲಿ ದುಡಿಯುವವರು, ಬಿಸಿಲಿನಲ್ಲಿ ಶಾಲೆಯಿಂದ ನಡೆದು ಬರುವ ಮಕ್ಕಳು, ಒಲೆಯ ಮುಂದೆ ನಿಂತು ಅಡುಗೆ ಮಾಡುವ ಗೃಹಿಣಿಯರು, ಇವರೆಲ್ಲರಿಗೂ ದಿನಕ್ಕೆ ಹಲವು ಬಾರಿ ಏನನ್ನಾದರೂ ಕುಡಿಯಬೇಕೆನಿಸುತ್ತದೆ. ಹಾಗೆ ಕುಡಿಯುವುದು ಏನನ್ನು? ಒಂದು ಕುಟುಂಬದ ಆರೋಗ್ಯವು ಈ ಸಣ್ಣ ಪ್ರಶ್ನೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಹಿಂದೆ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿದ್ದಿತು. ಹರವಿಯಲ್ಲಿ ತಣ್ಣನೆಯ ನೀರು, ಗಡಿಗೆಯಲ್ಲಿ ಮಜ್ಜಿಗೆ, ಹೊಲದ ಬುತ್ತಿಯೊಡನೆ ಅಂಬಲಿ, ಶ್ರೀರಾಮನವಮಿಯಂದು ಬೆಲ್ಲದ ಪಾನಕ. ಇಂದು ಸಣ್ಣ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಬಣ್ಣಬಣ್ಣದ ಬಾಟಲಿಗಳು ದೊರೆಯುತ್ತವೆ. ಕೋಕಾ-ಕೋಲಾ ಸಂಸ್ಥೆಯು 1977ರಲ್ಲಿ ಭಾರತವನ್ನು ತೊರೆದಾಗ ಸರಕಾರದ ಸಂಸ್ಥೆಯೊಂದು ‘ಡಬಲ್ ಸೆವೆನ್’ ಎಂಬ ಹೆಸರಿನ ಪಾನೀಯವನ್ನು ಮಾರುಕಟ್ಟೆಗೆ ತಂದಿತು. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದಿತು. ಹೆಸರುಗಳು ಬದಲಾದವು. ಆದರೆ ಬಾಟಲಿಯೊಳಗಿನ ಸಕ್ಕರೆನೀರಿನ ಸ್ವರೂಪ ಬದಲಾಗಲಿಲ್ಲ. ಆದುದರಿಂದ ಯಾವ ಕಂಪನಿಯದು ಎಂದು ವಿಚಾರಿಸುವುದಕ್ಕಿಂತ, ಒಳಗೆ ಏನಿದೆ ಎಂದು ತಿಳಿದುಕೊಳ್ಳುವುದು ಲೇಸು.

ಬಾಟಲಿಯಲ್ಲಿ ಏನಿದೆ?

ಸಾಮಾನ್ಯ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ 10ರಿಂದ 11 ಗ್ರಾಂ ಸಕ್ಕರೆಯಿರುತ್ತದೆ. ಮಟ್ಟಸವಾಗಿ ತುಂಬಿದ ಒಂದು ಚಹದ ಚಮಚೆಯಲ್ಲಿ ಸುಮಾರು 5 ಗ್ರಾಂ ಸಕ್ಕರೆ ಹಿಡಿಯುತ್ತದೆ. ಈ ಲೆಕ್ಕದಂತೆ 250 ಮಿಲಿಲೀಟರಿನ ಚಿಕ್ಕ ಬಾಟಲಿಯಲ್ಲಿ ಐದು ಚಮಚೆ, 600 ಮಿಲಿಲೀಟರಿನ ಬಾಟಲಿಯಲ್ಲಿ ಹನ್ನೆರಡು ಚಮಚೆಗಿಂತಲೂ ಹೆಚ್ಚು ಸಕ್ಕರೆಯಿದ್ದಂತಾಯಿತು. ಮನೆಗೆ ಬಂದ ಅತಿಥಿಗೆ ಒಂದು ಲೋಟ ನೀರಿನಲ್ಲಿ ಐದು ಚಮಚೆ ಸಕ್ಕರೆ ಬೆರೆಸಿ ಕೊಟ್ಟರೆ ಅವರು ಕುಡಿಯಲಾರರು. ಪಾನೀಯದಲ್ಲಿರುವ ಹುಳಿ, ಅನಿಲ ಮತ್ತು ತಂಪು ಆ ಸಿಹಿಯನ್ನು ನಾಲಿಗೆಯಿಂದ ಮರೆಮಾಡುತ್ತವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ಒಬ್ಬ ವ್ಯಕ್ತಿಯು ದಿನಕ್ಕೆ ಸೇವಿಸುವ ಸಕ್ಕರೆಯನ್ನು 20ರಿಂದ 25 ಗ್ರಾಮಿಗೆ ಮಿತಗೊಳಿಸಬೇಕೆಂದು ತಿಳಿಸಿದೆ. ಅಂದರೆ ಒಂದು ಚಿಕ್ಕ ಬಾಟಲಿಯಲ್ಲಿಯೇ ದಿನದ ಮಿತಿ ಮುಗಿಯಿತು. ಅದರ ಮೇಲೆ ಕುಡಿಯುವ ಚಹ, ತಿನ್ನುವ ಬಿಸ್ಕತ್ತು, ಹಬ್ಬದ ಹೋಳಿಗೆ ಎಲ್ಲವೂ ಮಿತಿಯನ್ನು ಮೀರಿದುವೇ.

ಸಕ್ಕರೆಯ ಹೊರತು ಅದರಲ್ಲಿ ಪೌಷ್ಟಿಕಾಂಶವೇನೂ ಇಲ್ಲ. ಕೋಲಾಗಳಲ್ಲಿ ಕೆಫೀನ್ ಇರುತ್ತದೆ. ಶಕ್ತಿವರ್ಧಕವೆಂದು ಮಾರಾಟವಾಗುವ ಡಬ್ಬಿಗಳಲ್ಲಿ ಕೆಫೀನಿನ ಪ್ರಮಾಣ ಇನ್ನೂ ಹೆಚ್ಚು. ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಇದು ತಕ್ಕದ್ದಲ್ಲವೆಂದು ಆ ಡಬ್ಬಿಗಳ ಮೇಲೆಯೇ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಓದಲು ಬಲ್ಲ ಮಕ್ಕಳಿಂದ ಅದನ್ನು ಒಮ್ಮೆ ಗಟ್ಟಿಯಾಗಿ ಓದಿಸಿರಿ.

ಶರೀರಕ್ಕಾಗುವ ಹಾನಿ

ಘನ ಆಹಾರವನ್ನು ಉಂಡಾಗ ಹೊಟ್ಟೆ ತುಂಬಿದ ಅನುಭವವಾಗುತ್ತದೆ. ದ್ರವರೂಪದ ಸಕ್ಕರೆಯಿಂದ ಹಾಗಾಗುವುದಿಲ್ಲ. ಅದು ಬೇಗನೆ ರಕ್ತವನ್ನು ಸೇರುತ್ತದೆ. ಹಸಿವನ್ನು ತಣಿಸದೆಯೇ ಶರೀರಕ್ಕೆ ಬೇಡವಾದ ಶಕ್ತಿಯನ್ನು ತುಂಬುತ್ತದೆ. ದೊಡ್ಡವರಲ್ಲಿ ಇದು ಬೊಜ್ಜಿಗೆ ಮತ್ತು ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಇಂತಹ ಸಿಹಿ ಪಾನೀಯಗಳನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯುವವರಲ್ಲಿ ಮಧುಮೇಹದ ಸಂಭವವು, ಅಪರೂಪಕ್ಕೆ ಕುಡಿಯುವವರಿಗಿಂತ ಕಾಲು ಭಾಗದಷ್ಟು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತು ಇಂದು ಸಲ್ಲದು.

ಚಿಕ್ಕ ಮಕ್ಕಳಲ್ಲಿ ಹಾನಿ ಬೇರೆ ಬಗೆಯದು. ಊಟಕ್ಕೆ ಮೊದಲು ಸಿಹಿ ಪಾನೀಯ ಕುಡಿದ ಮಗು ರೊಟ್ಟಿ, ಬೇಳೆ, ಸೊಪ್ಪುಗಳನ್ನು ನೂಕಿಬಿಡುತ್ತದೆ. ಬೆಳೆಯುವ ವಯಸ್ಸಿನಲ್ಲಿ ಹಾಲು, ಮಜ್ಜಿಗೆಗಳ ಸ್ಥಾನವನ್ನು ಬಾಟಲಿಯು ಆಕ್ರಮಿಸಿದರೆ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಸ್ನಾಯುಗಳಿಗೆ ಬೇಕಾದ ಪ್ರೋಟೀನೂ ಕೊರತೆಯಾಗುತ್ತವೆ. ಹಲ್ಲುಗಳಿಗಂತೂ ಎರಡು ಕಡೆಯಿಂದ ಪೆಟ್ಟು. ಪಾನೀಯದ ಆಮ್ಲವು ಹಲ್ಲಿನ ಹೊರಕವಚವನ್ನು ಸವೆಯಿಸುತ್ತದೆ. ಸಕ್ಕರೆಯು ಬಾಯಿಯ ರೋಗಾಣುಗಳಿಗೆ ಆಹಾರವಾಗಿ ಹುಳುಕನ್ನುಂಟುಮಾಡುತ್ತದೆ.

ಭೇದಿಯಾದ ಮಗುವಿಗೆ ಬಾಟಲಿ ಕೊಡಬೇಡಿರಿ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ವಾಂತಿಭೇದಿಯಿಂದ ಸೊರಗಿದ ಮಗುವಿಗೆ ‘ಸ್ವಲ್ಪ ತಂಪು ಕುಡಿದರೆ ಚೇತರಿಸಿಕೊಂಡೀತು’ ಎಂದು ಅಂಗಡಿಯ ಪಾನೀಯವನ್ನು ಕುಡಿಸುವ ರೂಢಿ ಕೆಲವೆಡೆ ಕಂಡುಬರುತ್ತದೆ. ಕುಡಿಸುವವರ ಮನಸ್ಸಿನಲ್ಲಿರುವುದು ಮಮತೆಯೇ. ಆದರೆ ಪರಿಣಾಮ ವಿಪರೀತವಾಗುತ್ತದೆ.

ಆರೋಗ್ಯ ಕೇಂದ್ರದಲ್ಲಿ ಕೊಡುವ ಓಆರ್‌ಎಸ್ ಪುಡಿಯನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿದಾಗ ಅದರಲ್ಲಿ 13.5 ಗ್ರಾಂ ಗ್ಲೂಕೋಸು ಮತ್ತು 2.6 ಗ್ರಾಂ ಉಪ್ಪು ಇರುತ್ತವೆ. ಇತರ ಲವಣಗಳೂ ಸೇರಿರುತ್ತವೆ. ಈ ಅಳತೆಯ ಸಕ್ಕರೆಯು ಉಪ್ಪನ್ನೂ ಅದರೊಡನೆ ನೀರನ್ನೂ ಕರುಳಿನಿಂದ ರಕ್ತಕ್ಕೆ ಕೊಂಡೊಯ್ಯುತ್ತದೆ. ಒಂದು ಲೀಟರು ಕೋಲಾದಲ್ಲಿ ನೂರು ಗ್ರಾಮಿಗೂ ಮೀರಿದ ಸಕ್ಕರೆ ಇರುತ್ತದೆ, ಉಪ್ಪು ಅತ್ಯಲ್ಪ. ಅಷ್ಟು ಗಟ್ಟಿಯಾದ ಸಕ್ಕರೆನೀರು ಕರುಳನ್ನು ಸೇರಿದಾಗ, ಅದನ್ನು ತೆಳುಮಾಡಲು ಶರೀರದೊಳಗಿನ ನೀರೇ ಕರುಳಿಗೆ ಇಳಿದುಬರುತ್ತದೆ. ಭೇದಿ ಹೆಚ್ಚುತ್ತದೆ, ಮಗು ಇನ್ನಷ್ಟು ಬಳಲುತ್ತದೆ.

ಸರಿಯಾದ ಅಳತೆಯ ಉಪ್ಪು ಸಕ್ಕರೆಗಳ ನೀರಿಗೆ ಎಷ್ಟು ಶಕ್ತಿಯಿದೆಯೆಂಬುದನ್ನು 1971ರಲ್ಲಿ ಜಗತ್ತು ಕಂಡಿತು. ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದಾದಾಗ ಡಾ. ದಿಲೀಪ್ ಮಹಲನಬೀಸ್ ಅವರು ಬಾಯಿಯ ಮೂಲಕ ಕುಡಿಸುವ ದ್ರಾವಣವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಹಂಚಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತು, ಒಳಗೆ ಬರಿಯ ಹಣ್ಣಿನ ರುಚಿಯ ಸಕ್ಕರೆನೀರು ತುಂಬಿದ ಪೊಟ್ಟಣಗಳು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ದೀರ್ಘಕಾಲ ಹೋರಾಡಿದರು. ನಿಗದಿತ ಅಳತೆಯಿಲ್ಲದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದುದೆಂಬ ಒಕ್ಕಣೆಯನ್ನು ನೋಡಿಯೇ ಕೊಳ್ಳತಕ್ಕದ್ದು. ಆಶಾ ಕಾರ್ಯಕರ್ತೆಯರಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಪುಡಿ ಉಚಿತವಾಗಿ ದೊರೆಯುತ್ತದೆ.

ಪುಡಿ ಕೈಗೆ ಸಿಗುವವರೆಗೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಚಹದ ಚಮಚೆ ಸಕ್ಕರೆ ಮತ್ತು ಅರ್ಧ ಚಮಚೆ ಉಪ್ಪು ಬೆರೆಸಿ ಕುಡಿಸಬಹುದು. ಅಳತೆ ಹೆಚ್ಚು ಕಡಿಮೆಯಾಗಕೂಡದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರು ದ್ರಾವಣವನ್ನು ಗುಟುಕು ಗುಟುಕಾಗಿ ಕೊಡಬೇಕು. ಎದೆಹಾಲನ್ನು ನಿಲ್ಲಿಸಬಾರದು. ಆರೋಗ್ಯ ಕಾರ್ಯಕರ್ತೆಯರು ಕೊಡುವ ಸತುವಿನ ಮಾತ್ರೆಗಳನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು. ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಕುಡಿಯಲು ಶಕ್ತಿಯಿಲ್ಲದಿದ್ದರೆ, ಮಂಕಾಗಿ ಮಲಗಿದ್ದರೆ ಅಥವಾ ಮಲದಲ್ಲಿ ರಕ್ತವಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತರಬೇಕು.

ನಮ್ಮ ಮನೆಯ ಪಾನೀಯಗಳು

ಆರೋಗ್ಯವಂತರ ಬಾಯಾರಿಕೆಗೆ ಮೊದಲ ಪಾನೀಯ ಶುದ್ಧವಾದ ನೀರೇ. ಅದಕ್ಕೆ ಬೆಲೆಯಿಲ್ಲವೆಂದು ಅದರ ಗುಣವನ್ನು ಕಡೆಗಣಿಸಬಾರದು. ನೀರಿನ ಜೊತೆಗೆ ರುಚಿಯೂ ಪೋಷಣೆಯೂ ಬೇಕೆನಿಸಿದಾಗ ಈ ಕೆಳಗಿನವುಗಳನ್ನು ಮಾಡಿಕೊಳ್ಳಬಹುದು.

ಮಜ್ಜಿಗೆ: ಒಂದು ಬಟ್ಟಲು ಮೊಸರಿಗೆ ಮೂರರಿಂದ ನಾಲ್ಕು ಬಟ್ಟಲು ಕುದಿಸಿ ಆರಿಸಿದ ನೀರು ಸೇರಿಸಿ ಚೆನ್ನಾಗಿ ಕಡೆಯಬೇಕು. ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಉಪ್ಪು ಹಾಕಿದರೆ ಸಾಕು. ಒಂದು ಲೋಟ ತೆಳು ಮಜ್ಜಿಗೆಯಲ್ಲಿ ಇರುವ ಶಕ್ತಿ ಬಾಟಲಿಯ ಪಾನೀಯದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಸೇರಿಸಿದ ಸಕ್ಕರೆ ಏನೂ ಇಲ್ಲ. ಹಾಲು ಹೆಪ್ಪಾಗುವಾಗ ಅದರ ಸಕ್ಕರೆಯ ಒಂದಂಶವು ಆಮ್ಲವಾಗುವುದರಿಂದ, ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಅಂಬಲಿ: ಎರಡು ದೊಡ್ಡ ಚಮಚೆ ರಾಗಿ ಅಥವಾ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಬಟ್ಟಲು ನೀರಿಗೆ ಹಾಕಿ ಹತ್ತು ನಿಮಿಷ ತಿರುವುತ್ತ ಬೇಯಿಸಬೇಕು. ಆರಿದ ಮೇಲೆ ಮಜ್ಜಿಗೆ, ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ ಸೇರಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಇಷ್ಟು ಸುಣ್ಣವು ಅಕ್ಕಿಯಲ್ಲಾಗಲಿ ಗೋಧಿಯಲ್ಲಾಗಲಿ ಇಲ್ಲ. ಹೊಲಕ್ಕೆ ಹೋಗುವವರಿಗೆ ಅಂಬಲಿಯು ನೀರೂ ಹೌದು, ಊಟವೂ ಹೌದು. ಶಿಗ್ಗಾಂವಿ ತಾಲ್ಲೂಕಿನ ಬಾಡ ಗ್ರಾಮದಲ್ಲಿ ಜನಿಸಿದ ಕನಕದಾಸರು ತಮ್ಮ ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಗಳ ನಡುವೆ ವಾದವನ್ನು ಹೂಡಿ, ಶ್ರೀರಾಮನಿಂದ ರಾಗಿಗೇ ಮೇಲ್ಮೆಯ ತೀರ್ಪು ಕೊಡಿಸಿದ್ದಾರೆ. ಬಡವರ ಧಾನ್ಯವೆಂದು ಹೀಗಳೆದುದನ್ನು ಎತ್ತಿಹಿಡಿದ ಆ ತೀರ್ಪನ್ನು ಇಂದಿನ ಪೋಷಣಾಶಾಸ್ತ್ರವೂ ಬಹುಮಟ್ಟಿಗೆ ಒಪ್ಪುತ್ತದೆ.

ನಿಂಬೆಯ ಪಾನಕ: ಒಂದು ನಿಂಬೆಹಣ್ಣಿನ ರಸಕ್ಕೆ ಎರಡು ಲೋಟ ನೀರು, ಲೋಟಕ್ಕೆ ಒಂದೇ ಚಮಚೆ ಬೆಲ್ಲ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಏಲಕ್ಕಿಯ ಮಾಲೆಗೆ ಹೆಸರಾದ ಹಾವೇರಿಯ ನೆರೆಯವರಾದ ನಮಗೆ ಏಲಕ್ಕಿಯ ಪರಿಮಳವನ್ನು ಹೇಳಿಕೊಡಬೇಕಾಗಿಲ್ಲ. ಪರಿಮಳ ಹೆಚ್ಚಿದಷ್ಟೂ ಸಿಹಿಯನ್ನು ಕಡಿಮೆಮಾಡಬಹುದೆಂಬುದನ್ನು ಮಾತ್ರ ನೆನಪಿಡಬೇಕು.

ಮಾವಿನಕಾಯಿಯ ಪಾನಕ: ಹಾನಗಲ್ ತಾಲ್ಲೂಕು ಮಾವಿನ ತೋಟಗಳ ನಾಡು. ಮುಂಗಾರಿಗೆ ಮೊದಲಿನ ಗಾಳಿಗೆ ಉದುರಿದ ಕಾಯಿಗಳನ್ನು ಹಾಳುಮಾಡುವ ಬದಲು ಬೇಯಿಸಿ ತಿರುಳನ್ನು ಕಿವುಚಿ, ಒಂದು ದೊಡ್ಡ ಕಾಯಿಗೆ ನಾಲ್ಕೈದು ಲೋಟ ನೀರು, ಲೋಟಕ್ಕೊಂದು ಚಮಚೆ ಬೆಲ್ಲ, ಹುರಿದ ಜೀರಿಗೆಯ ಪುಡಿ, ಸ್ವಲ್ಪ ಉಪ್ಪು ಬೆರೆಸಬೇಕು. ಪಕ್ಕದ ಶಿರಸಿಯ ಕಡೆಯಿಂದ ಬರುವ ಒಣ ಮುರುಗಲು ಸಿಪ್ಪೆಯನ್ನು ನೆನೆಹಾಕಿ ಕಿವುಚಿದ ನೀರಿನಿಂದಲೂ ಇದೇ ರೀತಿ ಹುಳಿಪಾನಕ ಮಾಡಬಹುದು.

ಎಳನೀರು: ಇದರಲ್ಲಿ ಸಕ್ಕರೆ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಮರದ ಹಣ್ಣಿನ ಹುಳಿಯಿಂದ ತಂಪು ಪಾನೀಯ ಮಾಡುವ ಜಾಣ್ಮೆ ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಆವರಣದ ಭಾರೀ ಮರಗಳನ್ನು ನೋಡದವರು ಈ ಭಾಗದಲ್ಲಿ ವಿರಳ. ಅವು ನಿಜವಾಗಿ ಹುಣಸೆಯಲ್ಲ, ಆಫ್ರಿಕಾ ಖಂಡದ ಬಾವೊಬಾಬ್ ಜಾತಿಯವು. ಆ ಖಂಡದ ಹಲವು ದೇಶಗಳಲ್ಲಿ ಈ ಮರದ ಕಾಯಿಯ ಹುಳಿ ತಿರುಳನ್ನು ನೀರಿನಲ್ಲಿ ಕದಡಿ ಕುಡಿಯುವ ರೂಢಿಯಿದೆ. ಅಲ್ಲಿಯ ತಾಯಂದಿರೂ ತಮ್ಮ ಊರಿನ ಮರವನ್ನೇ ನೆಚ್ಚಿದ್ದಾರೆ.

ಬೆಲ್ಲ ಮತ್ತು ಕಬ್ಬಿನ ಹಾಲಿನ ವಿಷಯ

ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟು ತಿಂದರೂ ಒಳ್ಳೆಯದು ಎಂಬುದು ತಪ್ಪು ಕಲ್ಪನೆ. ಬೆಲ್ಲದ ಬಹುಭಾಗವೂ ಸಕ್ಕರೆಯೇ. ಮಧುಮೇಹಿಗಳ ರಕ್ತಕ್ಕೆ ಇವೆರಡರ ಭೇದ ತಿಳಿಯದು. ರಸ್ತೆಯ ಬದಿಯ ಕಬ್ಬಿನ ಹಾಲಿನಲ್ಲಿಯೂ 100 ಮಿಲಿಲೀಟರಿಗೆ 13ರಿಂದ 15 ಗ್ರಾಂ ಸಕ್ಕರೆಯಿರುತ್ತದೆ, ಅಂದರೆ ಕೋಲಾಕ್ಕಿಂತ ಹೆಚ್ಚು. ಆದುದರಿಂದ ಅದನ್ನು ಎಂದಾದರೊಮ್ಮೆ ಚಿಕ್ಕ ಲೋಟದಲ್ಲಿ ಕುಡಿಯುವುದಕ್ಕೆ ಸೀಮಿತಗೊಳಿಸಬೇಕು. ಹಣ್ಣಿನ ರಸವನ್ನು ಹಿಂಡಿ ಸಕ್ಕರೆ ಬೆರೆಸಿ ಕುಡಿಯುವುದಕ್ಕಿಂತ ಹಣ್ಣನ್ನೇ ತಿನ್ನುವುದು ಮೇಲು; ಆಗ ನಾರಿನಂಶವೂ ಹೊಟ್ಟೆಗೆ ಸೇರುತ್ತದೆ.

ಯಾರಿಗೆ ಯಾವುದು?

ಆರು ತಿಂಗಳು ತುಂಬದ ಶಿಶುವಿಗೆ ಎದೆಹಾಲು ಮಾತ್ರ. ಕಡುಬೇಸಿಗೆಯಲ್ಲೂ ಅದಕ್ಕೆ ನೀರು, ಎಳನೀರು, ಪಾನಕ ಯಾವುದೂ ಬೇಡ. ತಾಯಿಯ ಹಾಲಿನಲ್ಲಿಯೇ ಸಾಕಷ್ಟು ನೀರಿದೆ. ಎರಡು ವರ್ಷದೊಳಗಿನ ಮಕ್ಕಳ ಪಾನೀಯಕ್ಕೆ ಸಕ್ಕರೆ ಬೆಲ್ಲಗಳನ್ನು ಸೇರಿಸಬಾರದು.

ಗರ್ಭಿಣಿಯರು ದಿನವೂ ನುಂಗುವ ಕಬ್ಬಿಣಾಂಶದ ಮಾತ್ರೆಯನ್ನು ಚಹ, ಕಾಫಿ, ಹಾಲು ಅಥವಾ ಮಜ್ಜಿಗೆಯೊಡನೆ ತೆಗೆದುಕೊಳ್ಳಬಾರದು. ಇವು ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಸಿಹಿಯಿಲ್ಲದ ನಿಂಬೆ ನೀರಿನೊಡನೆ ನುಂಗಿದರೆ ಮಾತ್ರೆಯ ಪ್ರಯೋಜನ ಹೆಚ್ಚು. ಮಜ್ಜಿಗೆಯನ್ನು ಬಿಡಬೇಕಾಗಿಲ್ಲ, ಬೇರೆ ವೇಳೆಯಲ್ಲಿ ಕುಡಿದರಾಯಿತು.

ಮಧುಮೇಹಿಗಳಿಗೆ ನೀರು, ತೆಳು ಮಜ್ಜಿಗೆ, ಉಪ್ಪಿನ ನಿಂಬೆ ನೀರು ತಕ್ಕವು. ಅಂಬಲಿಯಲ್ಲಿ ಹಿಟ್ಟಿರುವುದರಿಂದ ಅದನ್ನು ಊಟದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರಕ್ತದೊತ್ತಡ ಉಳ್ಳವರು ಉಪ್ಪಿಲ್ಲದ ಮಜ್ಜಿಗೆ ಕುಡಿಯಬೇಕು; ಶುಂಠಿ ಮತ್ತು ಕರಿಬೇವು ಉಪ್ಪಿನ ಕೊರತೆಯನ್ನು ಮರೆಸುತ್ತವೆ.

ಶುಚಿತ್ವ

ಮನೆಯ ಪಾನೀಯವು ಅಶುದ್ಧ ನೀರಿನಿಂದ ತಯಾರಾದರೆ ಅದೂ ರೋಗದ ಮೂಲವೇ. ನೀರನ್ನು ಕುದಿಸಬೇಕು, ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆಯ ನಂತರ ಬಳಸಬೇಕು. ಹರವಿಗೆ ಮುಚ್ಚಳವಿರಲಿ, ನೀರು ತೆಗೆಯಲು ಉದ್ದ ಹಿಡಿಕೆಯ ಸೌಟನ್ನು ಇಡಿರಿ, ಕೈಯನ್ನು ಅದ್ದಬೇಡಿರಿ. ಪಾನಕವನ್ನು ಆ ದಿನವೇ ಮುಗಿಸಬೇಕು. ಸಂತೆ ಜಾತ್ರೆಗಳಲ್ಲಿ ಪಾನೀಯಕ್ಕೆ ಹಾಕುವ ಮಂಜುಗಡ್ಡೆಯ ಬಗ್ಗೆ ವಿಶೇಷ ಜಾಗ್ರತೆ ವಹಿಸಬೇಕು. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮವಿದೆ.

ಊರಿನಲ್ಲಿ ಆಗಬೇಕಾದುದು

ಬಾಟಲಿಯು ಇಂದು ಮರ್ಯಾದೆಯ ಗುರುತಾಗಿಬಿಟ್ಟಿದೆ. ಬೀಗರು ಬಂದಾಗ ಮಜ್ಜಿಗೆ ಕೊಟ್ಟರೆ ಕೊರತೆಯಾದೀತೆಂದು, ಕೈಯಲ್ಲಿ ಹಣವಿಲ್ಲದಿದ್ದರೂ ಅಂಗಡಿಗೆ ಮಗುವನ್ನು ಓಡಿಸುವವರಿದ್ದಾರೆ. ಈ ಸಂಕೋಚವನ್ನು ಒಬ್ಬೊಬ್ಬರೇ ಬಿಡುವುದು ಕಷ್ಟ, ಊರೇ ಕೂಡಿ ಬಿಡುವುದು ಸುಲಭ. ಮದುವೆ, ಸೀಮಂತ, ಜಾತ್ರೆಗಳಲ್ಲಿ ಪಾನಕ ಮತ್ತು ಮಸಾಲೆ ಮಜ್ಜಿಗೆಯನ್ನೇ ಕೊಡುವುದೆಂದು ಸ್ತ್ರೀಶಕ್ತಿ ಸಂಘಗಳು ನಿಶ್ಚಯಿಸಿದರೆ, ಅವುಗಳನ್ನು ತಯಾರಿಸಿ ಒದಗಿಸುವ ಕೆಲಸವೂ ಸಂಘದ ಸದಸ್ಯೆಯರಿಗೇ ದೊರೆತೀತು.

ಶಾಲೆಗಳಲ್ಲಿ ಈ ದಾರಿ ಆಗಲೇ ತೆರೆದಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು, 2024ರಲ್ಲಿ ಅದರೊಡನೆ ರಾಗಿ ಮಾಲ್ಟ್ ಸರಕಾರಿ ಶಾಲೆಯ ಮಕ್ಕಳಿಗೆ ಬಂದವು. ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸು ಪಾನೀಯಗಳನ್ನು ಶಾಲೆಯೊಳಗೂ ಅದರ ಸುತ್ತಲಿನ 50 ಮೀಟರಿನೊಳಗೂ ಮಾರಬಾರದೆಂದು 2020ರ ನಿಯಮಾವಳಿ ಹೇಳುತ್ತದೆ. ಶಾಲಾಭಿವೃದ್ಧಿ ಸಮಿತಿಯ ಸದಸ್ಯರಾದ ತಂದೆತಾಯಂದಿರು ಅಂಗಡಿಯವರೊಡನೆ ಸೌಜನ್ಯದಿಂದ ಮಾತನಾಡಿ ಇದನ್ನು ಪಾಲಿಸುವಂತೆ ಮಾಡಬೇಕು.

ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಈ ವಾರ ಮನೆಗೆ ಬರುವ ಬಾಟಲಿಗಳನ್ನು ಎಣಿಸಿರಿ. ಮುಂದಿನ ವಾರ ಅರ್ಧಕ್ಕಿಳಿಸಿರಿ. ಉಳಿದ ಹಣಕ್ಕೆ ಹಾಲು ಕೊಂಡು ಹೆಪ್ಪು ಹಾಕಿರಿ.

ಮಹಿಳಾ ಮಂಡಲದ ಚರ್ಚೆಗೆ ಪ್ರಶ್ನೆಗಳು

1. 250 ಮಿಲಿಲೀಟರಿನ ಕೋಲಾ ಬಾಟಲಿಯಲ್ಲಿ ಎಷ್ಟು ಚಮಚೆ ಸಕ್ಕರೆಯಿದೆ? ಒಂದು ಲೋಟ ನೀರಿನಲ್ಲಿ ಅಷ್ಟನ್ನು ಕರಗಿಸಿ ರುಚಿ ನೋಡಿ, ಸಭೆಗೆ ತಿಳಿಸಿರಿ.
2. ಭೇದಿಯಾದ ಮಗುವಿಗೆ ಅಂಗಡಿಯ ಪಾನೀಯವನ್ನು ಏಕೆ ಕೊಡಬಾರದು? ಓಆರ್‌ಎಸ್ ಪುಡಿಯನ್ನು ಕರಗಿಸುವ ಕ್ರಮವನ್ನು ಮಾಡಿ ತೋರಿಸಿರಿ.
3. ಕಬ್ಬಿಣಾಂಶದ ಮಾತ್ರೆಯನ್ನು ಯಾವುದರೊಡನೆ ನುಂಗಬೇಕು, ಯಾವುದರೊಡನೆ ನುಂಗಬಾರದು?
4. ನಿಮ್ಮ ಊರಿನ ಮುಂದಿನ ಜಾತ್ರೆಯಲ್ಲಿ ಬಾಟಲಿಯ ಬದಲು ಯಾವ ಪಾನೀಯವನ್ನು ಕೊಡಬಹುದು? ಅದರ ನೀರು ಶುದ್ಧವಾಗಿರುವಂತೆ ಯಾರು ನೋಡಿಕೊಳ್ಳುವರು?